ಬೋರಯ್ಯನ ಖಾಯಂ ರಕ್ಷಣೆ

ನವೆಂಬರ್ ಬಂತೆಂದರೆ ನಾನು ಬ್ಯಾಂಕಿಗೆ ಹೋಗಿ, ಇನ್ನೂ ಬದುಕಿದ್ದೇನೆಂದು ತೋರಿಸಿ ಬರಬೇಕು. ಪಿಂಚಣಿದಾರರಿಗೆ ಇದು ಗೊತ್ತಿರುವ ಕತೆ. ಉಳಿದವರು ಈಗಲೇ ಕೇಳಿಸಿಕೊಂಡಿರಿ, ನಿಮಗೂ ಬರುತ್ತದೆ. ಶ್ರೀರಂಗಪಟ್ಟಣದ ನಮ್ಮ ಬ್ಯಾಂಕಿನ ಹುಡುಗಿ ಈ ಸಲ ನನ್ನ ಹೆಬ್ಬೆರಳನ್ನು ಪುಟ್ಟ ಯಂತ್ರವೊಂದರ ಮೇಲೆ ಒತ್ತಿಸಿದಳು. ಕೆಂಪು ದೀಪ. ಒರೆಸಿ ಒತ್ತಿಸಿದಳು. ಮತ್ತೆ ಕೆಂಪು. "ಸಾರ್, ನೀವು ಬರ್ತಾ ಇಲ್ಲ," ಎಂದಳು. ನಾನು ಅವಳ ಎದುರಿಗೇ ಕೂತಿದ್ದೆ. ಮೂವತ್ತೆರಡು ವರ್ಷ ಫೈಲು ತಿರುವಿ ತಿರುವಿ ಬೆರಳಿನ ಗೆರೆ ಸವೆದಿರಬೇಕು ಎಂದೆ. ಹಿಂದೆ ನಿಂತಿದ್ದ ಯಜಮಾನರೊಬ್ಬರು, "ಸವೆಯಂಗಿದ್ರೆ ನಮ್ ರೈತರ್ದು ಸವೀಬೇಕು ಕಣ್ ಸ್ವಾಮಿ, ಗುಮಾಸ್ತರ್ದು ಎಂಗ್ ಸವೆದದು?" ಎಂದರು. ಕೊನೆಗೆ ಕಣ್ಣನ್ನು ತೋರಿಸಿ ಹಸಿರು ದೀಪ ಗಿಟ್ಟಿಸಿಕೊಂಡೆ. ಇನ್ನೊಂದು ವರ್ಷಕ್ಕೆ ತೊಂದರೆಯಿಲ್ಲ.

ಖಾಯಂ ನೌಕರಿ, ಖಾಯಂ ಪಿಂಚಣಿ ಎಂದು ಬೀಗುತ್ತಿದ್ದವನ ಖಾಯಂ ಎಂದರೆ ಇಷ್ಟೇ ನೋಡಿ. ನನ್ನ ಜನ್ಮವೆಲ್ಲ ಇಂಥದ್ದೇ. ಮೇಲುಕೋಟೆಗೊಂದು ಹರಕೆ, ಧರ್ಮಸ್ಥಳಕ್ಕೊಂದು, ಊರಿನ ಮಾರಮ್ಮನಿಗೆ ಬೇರೆ. ಒಬ್ಬರು ಕೈಬಿಟ್ಟರೆ ಇನ್ನೊಬ್ಬರಿರಲಿ ಎಂಬ ಲೆಕ್ಕಾಚಾರ. ಒಂದು ವರ್ಷ ಹರಕೆ ತಪ್ಪಿತೆಂದರೆ ಗಂಟಲು ಕೆರೆದರೂ ದೇವರೇ ಕೆರೆದ ಎಂಬ ದಿಗಿಲು. ಇಂಥ ನನ್ನ ಮುಂದೆ ಬೋರಯ್ಯ ಎಂಬುವನು, "ನಂದು ಖಾಯಂ ಸಾರ್" ಎಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ, ನೀವೇ ಹೇಳಿ.

ಬೋರಯ್ಯ ನಮ್ಮ ಪಾಂಡವಪುರದ ನೀರಾವರಿ ಕಚೇರಿಯಲ್ಲಿ ಸೌಡಿ, ಅಂದರೆ ನಾಲೆಯ ತೂಬು ತೆಗೆದು ಮುಚ್ಚಿ ನೀರು ಬಿಡುವವನು. ಹದಿನೆಂಟು ವರ್ಷದಿಂದ ದಿನಗೂಲಿ. ಊರು ಶೀಳನೆರೆಯ ಪಕ್ಕ. ಒಂದು ಕಾಲಕ್ಕೆ ಬೆಳಿಗ್ಗೆಯೇ ಕುಡಿದು ನಾಲೆಯ ಏರಿಯ ಮೇಲೆ ಮಲಗಿರುತ್ತಿದ್ದನಂತೆ. ಕೆ.ಆರ್. ಪೇಟೆಯ ಶೀಟು ಹೊದಿಸಿದ ಪ್ರಾರ್ಥನಾಲಯವೊಂದಕ್ಕೆ ಹೆಂಡತಿ ಸಾಕಮ್ಮನೇ ಎಳೆದುಕೊಂಡು ಹೋದಳು. ಅಲ್ಲಿ ಕುಡಿತ ಬಿಟ್ಟ, ಯೇಸುವನ್ನು ನಂಬಿದ, ದೀಕ್ಷಾಸ್ನಾನ ಮಾಡಿಸಿಕೊಂಡ. ನಾನು ಅವನನ್ನು ಕಂಡಾಗ ಆಗಲೇ ಒಂಬತ್ತು ವರ್ಷದಿಂದ ಲೋಟ ಮುಟ್ಟಿರಲಿಲ್ಲ.

ಅವನ ನಂಬಿಕೆ ಬಹಳ ಸರಳ. ರಕ್ಷಣೆ ಒಮ್ಮೆ ಸಿಕ್ಕಿದರೆ ಸಿಕ್ಕಿತು, ವಾಪಸ್ ಹೋಗುವುದಿಲ್ಲ. "ನಾನು ಅವನ್ನ ಹಿಡ್ಕಂಡಿದ್ರೆ ಎಂದೋ ಜಾರ್ಬುಡ್ತಿದ್ದೆ ಸಾರ್. ಅವ್ನು ನನ್ನ ಹಿಡ್ಕಂಡವ್ನೆ. ಬುಡಾಕಿಲ್ಲ." ಆ ಪ್ರಾರ್ಥನಾಲಯದಲ್ಲೇ ಎಲ್ಲರೂ ಇದನ್ನು ಒಪ್ಪುತ್ತಿರಲಿಲ್ಲ, ನಡತೆ ತಪ್ಪಿದರೆ ರಕ್ಷಣೆಯೂ ಕೈತಪ್ಪುತ್ತದೆ ಎನ್ನುವವರೂ ಇದ್ದರಂತೆ. ಬೋರಯ್ಯ ಅವರ ಜೊತೆ ಜಗಳ ಆಡುತ್ತಿರಲಿಲ್ಲ. ನಮ್ಮ ಜೊತೆಯೂ ಆಡುತ್ತಿರಲಿಲ್ಲ. ಕೇಳಿದರೆ ಹೇಳುವನು, ಇಲ್ಲದಿದ್ದರೆ ಸೈಕಲ್ಲು ಹತ್ತಿ ತೂಬಿನ ಕಡೆಗೆ ಹೋಗುವನು.

ಒಂದು ದಿನ ಊಟದ ಹೊತ್ತಿನಲ್ಲಿ ಎಲ್ಲರೆದುರಿಗೆ ಅವನನ್ನು ಕೆಣಕಿದೆ. ವಕೀಲನ ಠೀವಿಯಲ್ಲಿ, "ಅಲ್ಲಯ್ಯಾ ಬೋರಯ್ಯ, ಹೆಂಗೂ ಬಿಡಲ್ಲ ಅಂದಮೇಲೆ ನೀನು ಕಳ್ಳತನ ಮಾಡು, ಕುಡಿ, ಏನು ಬೇಕಾದ್ರೂ ಮಾಡು! ನಷ್ಟ ಏನು?" ಎಂದೆ. ಕಚೇರಿ ಕಿವಿ ನಿಮಿರಿಸಿ ಕೂತಿತು.

ಬೋರಯ್ಯ ಮುದ್ದೆ ಮುರಿಯುತ್ತ, "ನಿಮ್ಮವ್ವ ನಿಮ್ಮನ್ನ ಮನೆಯಿಂದ ಓಡ್ಸಾಕಿಲ್ಲ ಅಂತ ಗೊತ್ತಿತ್ತಲ್ವಾ ಸಾರ್. ಅಂಗಂತ ಅವ್ಳು ಅಚ್ಚಿದ್ ಒಲೆಗೆ ದಿನಾ ನೀರು ಉಯ್ತಿದ್ರಾ?" ಎಂದ.

ಕಚೇರಿಯೆಲ್ಲ ಗೊಳ್ಳೆಂದು ನಕ್ಕಿತು. ಜವಾನನೂ ನಕ್ಕ. ಎಸ್‌ಡಿಎ ಆದ ನಾನು ಒಬ್ಬ ದಿನಗೂಲಿಯ ಮುಂದೆ ನಗೆಪಾಟಲಾದೆ. ಅದು ನನ್ನೊಳಗೆ ಮುಳ್ಳಿನಂತೆ ಕೂತುಬಿಟ್ಟಿತು. ಇವತ್ತು ನಗು ಬರುತ್ತದೆ, ಅವತ್ತು ನಗು ಬರಲಿಲ್ಲ.

ಮುಂದಿನ ತಿಂಗಳು ನಮ್ಮ ಇಂಜಿನಿಯರಿಗೆ ವರ್ಗವಾಯಿತು. ಚಿನಕುರಳಿಯ ಹತ್ತಿರದ ತೋಪಿನಲ್ಲಿ ಬಾಡೂಟ. ಕುಡಿಯುವವರಿಗೆ ರಮ್ಮು, ಕುಡಿಯದವರಿಗೆ ಕೋಲಾ. ಬೋರಯ್ಯ ಬೇಯುವ ಮಾಂಸದ ಹಂಡೆಗೆ ಸೌದೆ ನೂಕುತ್ತಿದ್ದ. ಅವನ ಸ್ಟೀಲಿನ ಲೋಟಕ್ಕೆ ಕೋಲಾ ಬಗ್ಗಿಸಿದವನು ನಾನು. ಅದಕ್ಕೆ ಮುಂಚೆ ತಳದಲ್ಲಿ ಎರಡು ಬೆರಳಿನಷ್ಟು ರಮ್ಮು ಹಾಕಿದವನೂ ನಾನೇ. ಇದನ್ನು ಆಗ ನಾನು ನನಗೇ ಹೇಗೆ ಒಪ್ಪಿಸಿಕೊಂಡೆ ಗೊತ್ತೇ? ಪರೀಕ್ಷೆ ಎಂದು. ಒಂದು ಸಿದ್ಧಾಂತವಿದೆ, ಅದನ್ನು ಪರೀಕ್ಷಿಸಬೇಕು. ವಿದ್ಯಾವಂತನಿಗೆ ನೀಚತನ ಮಾಡಲೂ ಒಂದು ಒಳ್ಳೆಯ ಹೆಸರು ಬೇಕು ನೋಡಿ.

ಅವನು ಒಂದು ಗುಟುಕು ಕುಡಿದ. ನಿಲ್ಲಿಸಿದ. ಲೋಟದೊಳಗೆ ಬಗ್ಗಿ ನೋಡಿದ. ಆಮೇಲೆ ಗಟಗಟನೆ ಅಷ್ಟನ್ನೂ ಕುಡಿದು, ಸೀದಾ ಬಾಟಲಿಗಳಿದ್ದ ಕಡೆಗೆ ನಡೆದ. ನನ್ನ ಪರೀಕ್ಷೆಯ ಫಲಿತಾಂಶ ಬರಲು ಒಂದು ನಿಮಿಷವೂ ಹಿಡಿಯಲಿಲ್ಲ.

ಮೂರು ತಿಂಗಳು ಕುಡಿದ. ಕೆಲಸಕ್ಕೆ ಬರಲಿಲ್ಲ. ದಿನಗೂಲಿಯವನು ಬರದಿದ್ದರೆ ಕೂಲಿಯೂ ಇಲ್ಲ, ಹೆಸರೂ ಉಳಿಯುವುದಿಲ್ಲ. "ನೋಡಿದ್ರಾ ಖಾಯಮ್ಮು!" ಎಂದಿತು ಕಚೇರಿ. "ಹೋಯಿತು ಅವನ ರಕ್ಷಣೆ" ಎಂದರಂತೆ ಪ್ರಾರ್ಥನಾಲಯದ ಕೆಲವರು. "ಅವನಿಗೆ ಅದು ಮೊದಲೇ ಸಿಕ್ಕಿರಲಿಲ್ಲ" ಎಂದರಂತೆ ಮತ್ತೆ ಕೆಲವರು. ನಮ್ಮ ಕಚೇರಿಯೂ ಆ ಪ್ರಾರ್ಥನಾಲಯವೂ ಒಂದೇ ಮಾತಿಗೆ ಬಂದದ್ದು ಅದೊಂದೇ ಸಲ.

ಸಾಕಮ್ಮ ಒಂದು ಮಧ್ಯಾಹ್ನ ಕಚೇರಿಗೆ ಬಂದಳು. ನೆಟ್ಟಗೆ ನನ್ನ ಮೇಜಿನ ಹತ್ತಿರವೇ ಬಂದಳು. "ಒಂಬತ್ ವರ್ಸ ನೆಟ್ಟಗಿದ್ರು ಸಾರ್. ಅದ್ಯಾವ್ ಪಾಪಿ ಕುಡುಸ್ದನೋ. ಮನೇಲಿ ಪಾತ್ರೆ ಉಳೀನಿಲ್ಲ. ಕೆಲ್ಸದಿಂದ ತೆಗೀದಂಗೆ ಒಂದ್ ಅರ್ಜಿ ಬರ್ಕೊಡಿ," ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ ನಾನು. ಹೆಗಲು ಮುಟ್ಟದೆ ಪೆನ್ನು ಹಿಡಿದೆ. 'ತೀವ್ರ ಅನಾರೋಗ್ಯದ ನಿಮಿತ್ತ' ಎಂದು ಶುರುಮಾಡಿ ಎಂಥ ಅರ್ಜಿ ಬರೆದೆನೆಂದರೆ, ಹೊಸ ಇಂಜಿನಿಯರು ಓದಿ ಕರಗಿಹೋದರು. ಹೆಸರು ಉಳಿಯಿತು. ಸಾಕಮ್ಮ ನನ್ನ ಕೈ ಹಿಡಿದು, "ನಿಮ್ ಒಟ್ಟೆ ತಣ್ಣಗಿರ್ಲಿ ಸಾರ್," ಎಂದಳು. ಅವತ್ತಿನಿಂದ ನನ್ನ ಹೊಟ್ಟೆ ತಣ್ಣಗಿಲ್ಲ.

ನಾಲ್ಕನೇ ತಿಂಗಳು ಬೋರಯ್ಯ ಬಂದ. ಇಳಿದುಹೋಗಿದ್ದ, ಆದರೆ ಕುಡಿದಿರಲಿಲ್ಲ. ಯಾರೋ, "ಏನ್ಲಾ, ನಿನ್ ದೇವ್ರು ಬುಟ್ಬುಟ್ನಾ?" ಎಂದು ಕಿಚಾಯಿಸಿದರು. "ಬಿದ್ದೆ ಕಣಣ್ಣ. ಬಿದ್ದಾಗ್ಲೂ ಅವ್ನ್ ಕೈಯಾಗೇ ಇದ್ದೆ," ಎಂದು ಸೈಕಲ್ಲು ಹತ್ತಿ ಹೋದ. ಆಮೇಲೆ ಅವನು ಮತ್ತೆಂದೂ ಕುಡಿಯಲಿಲ್ಲ. ನಾನು ಮತ್ತೆಂದೂ ವಾದ ಮಾಡಲಿಲ್ಲ. ಹೇಳಬೇಕಾದ್ದನ್ನೂ ಹೇಳಲಿಲ್ಲ. ನಿವೃತ್ತಿಯ ದಿನ ಅವನು ನನ್ನ ಕೊರಳಿಗೆ ಹಾರ ಹಾಕಿದಾಗಲೂ ಹೇಳಲಿಲ್ಲ.

ಈ ಸಲ ಬ್ಯಾಂಕಿನ ಮೆಟ್ಟಿಲು ಇಳಿಯುವಾಗ ನನಗೆ ಹೊಳೆದದ್ದು ಇಷ್ಟೇ: ಯಾವುದಾದರೂ ಒಂದು ನವೆಂಬರಿನಲ್ಲಿ ಕಣ್ಣು ತೋರಿಸಿದರೂ ಹಸಿರು ದೀಪ ಬರುವುದಿಲ್ಲ. ಮನೆಗೆ ಹೋಗಬೇಕಾದವನು ಪಾಂಡವಪುರದ ಬಸ್ಸು ಹತ್ತಿದೆ, ಅಲ್ಲಿಂದ ಶೀಳನೆರೆಯ ಕಡೆಗೆ ಇನ್ನೊಂದು ಬಸ್ಸು.

ಬೋರಯ್ಯ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿದೆ. ಸಾಕಮ್ಮ ಕಾಫಿಗೆ ಇಡಲು ಒಳಗೆ ಹೋದಳು. ನಾನು ಪೀಠಿಕೆ ಹಾಕದೆ ಎಲ್ಲವನ್ನೂ ಹೇಳಿಬಿಟ್ಟೆ. ರಮ್ಮು, ಲೋಟ, ಎರಡು ಬೆರಳು. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ.

ಬೋರಯ್ಯ ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಗೊತ್ತಿತ್ತು ಸಾರ್. ನಾ ಕುಡ್ದಿದ್ ಕಾಲ್ದಾಗೆ ವಾಸ್ನೆ ಮೇಲೇ ಯಾವ್ ಅಂಗ್ಡೀದು ಅಂತ ಯೋಳ್ತಿದ್ದೆ. ಮೊದಲ್ನೇ ಗುಟುಕು ನಿಮ್ದು. ಉಳ್ದಿದ್ ಲೋಟ ನಂದು."

"ಆ ಮೂರು ತಿಂಗಳು ನಿನಗೆ ಭಯ ಆಗಲಿಲ್ವೇನೋ?"

"ದಿನಾ ಆಯ್ತಿತ್ತು. ಭಯ ಇದ್ದಿದ್ದು ನಂಗೆ, ನನ್ನ ಹಿಡ್ಕಂಡಿದ್ದೋನಿಗಲ್ಲ. ಏಳಿ ಸಾರ್, ಕಣ್ಣೊರೆಸ್ಕಳಿ. ನಾನು ಎಂದೋ ಕ್ಷಮಿಸಿದ್ದೀನಿ."

ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇಷ್ಟು ಸುಲಭವೇ ಎನ್ನಿಸಿ ಒಂದು ನಗುವೂ ಬಂತು. ತಲೆ ಎತ್ತಿದರೆ ಬಾಗಿಲಲ್ಲಿ ಸಾಕಮ್ಮ, ಕೈಯಲ್ಲಿ ಕಾಫಿಯ ಲೋಟ. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ನೀವಾ?" ಎಂದಳು. "ನಿಮ್ ಒಟ್ಟೆ ತಣ್ಣಗಿರ್ಲಿ ಅಂತ ನನ್ ಬಾಯಲ್ಲಿ ಅನ್ನಿಸ್ಕಂಡು ಕೂತಿದ್ರಲ್ಲ ಸಾರ್, ನೀವಾ?"

"ಓಗ್ಲಿ ಬುಡಮ್ಮಿ," ಎಂದ ಬೋರಯ್ಯ.

"ನೀ ಸುಮ್ಕಿರು. ನೀ ಕ್ಷಮಿಸ್ದೆ, ನಿನ್ ದೇವ್ರೂ ಕ್ಷಮಿಸ್ದ. ಪಾತ್ರೆ ಮಾರಿದ್ ನಾನು. ಕ್ಷಮಿಸೋಳು ನಾನಿನ್ನೂ ಕ್ಷಮಿಸಿಲ್ಲ." ಆಮೇಲೆ ಕಾಲು ಗಂಟೆ ನನ್ನನ್ನು ಬೈದಳು. ನನ್ನ ಓದು, ನನ್ನ ಕೆಲಸ, ನನ್ನ ಚೆಂದದ ಅರ್ಜಿ, ಯಾವುದನ್ನೂ ಬಿಡಲಿಲ್ಲ. ನನ್ನ ಜನ್ಮದಲ್ಲಿ ಅಷ್ಟು ಸರಿಯಾಗಿ ನನ್ನನ್ನು ಯಾರೂ ಬೈದಿರಲಿಲ್ಲ. ನಾನು ಎದ್ದು ಚಪ್ಪಲಿ ಹುಡುಕಿದೆ.

"ಎಲ್ಲಿಗ್ ಓಯ್ತೀರಿ? ಕುಂತ್ಕಳಿ. ಕಾಪಿ ಕುಡೀರಿ," ಎಂದು ಲೋಟ ಕುಕ್ಕಿದಳು. "ಮುಂದಿನ್ ತಿಂಗ್ಳೂ ಬರ್ಬೇಕು. ನಂಗಿನ್ನೂ ಬಯ್ಯಾದು ಐತೆ."

ಡಿಸೆಂಬರಿನಲ್ಲಿ ಹೋದೆ, ಬೈದಳು. ಜನವರಿಯಲ್ಲಿ ಹೋದೆ, ಬೈದು, ಒಂದು ಚೀಲ ಅವರೆಕಾಯಿ ಕೊಟ್ಟಳು. ಹೋದ ವಾರ ಮೊಣಕಾಲು ನೋವೆಂದು ಹೋಗಲಿಲ್ಲ. ನಿನ್ನೆ ಸಂಜೆ ಫೋನು ಬಂತು. "ಯಾಕ್ ಬರ್ನಿಲ್ಲ?" ಎಂದಳು ಸಾಕಮ್ಮ. "ಕ್ಷಮಿಸ್ಬುಟ್ಟೆ ಅಂದ್ಕಂಡ್ರಾ?"