ಸಂಜೀವಪ್ಪನ ಪಿಸ್ತೂಲಿಗೆ ಕಟ್ಟಿದ ಟಾರ್ಚು

ಕಲ್ಯಾಣದುರ್ಗದಲ್ಲಿ ಸಮುದ್ರ ಇದ್ದದ್ದು ಒಂದೇ ಕಡೆ, ನನ್ನ ಗೆಳೆಯ ಸಂಜೀವಪ್ಪನ ಫೋಟೋ ಸ್ಟುಡಿಯೋದ ಪರದೆಯ ಮೇಲೆ. ನೀಲಿ ನೀರು, ಒಂದು ಹಡಗು, ಹಡಗಿಗಿಂತ ದೊಡ್ಡದೊಂದು ಹಕ್ಕಿ. ಅದರ ಮುಂದೆ ಹಿಡಿದುಕೊಂಡು ನಿಲ್ಲಲು ಒಂದು ಮರದ ಪಿಸ್ತೂಲು. ಮುಚ್ಚಿಹೋದ ನಾಟಕದ ಕಂಪನಿಯಿಂದ ತಂದದ್ದು. ಹಳೇ ಕಾಲದ ಕಡಲುಗಳ್ಳರ ನಮೂನೆ: ಹಿಡಿ ಬಾಗಿತ್ತು, ನಳಿಗೆಯ ಬಾಯಿ ಉಮ್ಮತ್ತಿ ಹೂವಿನ ಹಾಗೆ ಅಗಲ. ಕುಂದುರ್ಪಿ ಕಡೆಯ ಕುರಿಗಾರರು ಸಂತೆಗೆ ಬಂದರೆ ಹೆಗಲಿಗೆ ಕಂಬಳಿ, ಕೈಗೆ ಪಿಸ್ತೂಲು, ಬೆನ್ನ ಹಿಂದೆ ಸಮುದ್ರ ಇಟ್ಟುಕೊಂಡು ಪಟ ತೆಗೆಸಿಯೇ ಬಸ್ಸು ಹತ್ತುತ್ತಿದ್ದರು.

ಸಂಜೀವಪ್ಪ ಹಿಂದೂಪುರದ ನೇಕಾರರ ಮನೆಯವನು. ಮಗ್ಗದ ಗುಂಡಿಗೆ ಕಾಲಿಳಿಸಿ ಕೂತರೆ ಅವನಿಗೆ ನಿದ್ದೆ ಬರುತ್ತಿತ್ತು. ಆ ನಿದ್ದೆ ಸೀರೆಯ ಅಂಚಿನಲ್ಲೂ ಕಾಣುತ್ತದೆ ಎಂದು ಅವನ ಅಣ್ಣ ಕೇಶವಯ್ಯ ಹೇಳುತ್ತಿದ್ದ. ತಮ್ಮನ ಪಟದ ಹುಚ್ಚಿಗೆ ಅಣ್ಣ ಒಪ್ಪಿದ್ದು ಒಂದು ಮಾತಿನ ಮೇಲೆ: ಅಂಗಡಿ ಖಾಲಿ ಕಂಡ ದಿನ ಬಾಗಿಲು ಹಾಕಿಸಿ ಮಗ್ಗಕ್ಕೆ ಕೂರಿಸುತ್ತೇನೆ.

ಎಂಬತ್ತರ ದಶಕದ ನಡುವೆ ಬಸ್ ಸ್ಟ್ಯಾಂಡ್ ಎದುರು ಇನ್ನೊಂದು ಸ್ಟುಡಿಯೋ ಆಯಿತು. ಅಲ್ಲಿ ಪ್ಲಾಸ್ಟಿಕ್ಕಿನ ಮಿಷನ್ ಗನ್ನು. ಜನವೆಲ್ಲ ಅತ್ತ ಓಡಿದರು. ನನಗಂತೂ ಮೈ ಉರಿದು, ಓಡುವವರನ್ನು ಬೀದಿಯಲ್ಲೇ ನಿಲ್ಲಿಸಿ ಬೈದೆ. ಬೈಸಿಕೊಂಡು ಅತ್ತಲೇ ಹೋದರು. ಅಷ್ಟರಲ್ಲಿ ಸೋಮವಾರ ಅಣ್ಣ ಬರುತ್ತಾನೆಂದು ಸುದ್ದಿ ಬಂತು.

ಸಂಜೀವಪ್ಪ ಒಳಗೆ ಕೂತು ಏನೋ ಕುಟ್ಟತೊಡಗಿದ. ಸೋಮವಾರ ಬೆಳಗ್ಗೆ ನನ್ನನ್ನು ಕರೆದು ಪಿಸ್ತೂಲು ತೋರಿಸಿದ. ನಳಿಗೆಯ ಕೆಳಗೆ ಉದ್ದನೆಯ ಟಾರ್ಚು. ಮೇಲೆ ಮುರಿದ ದುರ್ಬೀನಿನ ಒಂದು ಕಣ್ಣು. ಪಕ್ಕಕ್ಕೆ ಸೈಕಲ್ಲಿನ ಕನ್ನಡಿ, ಹಿಂದಕ್ಕೆ ರೇಡಿಯೋದ ಏರಿಯಲ್ಲು.

“ಇದೇನ್ಲಾ, ಗುಜರಿ ಅಂಗ್ಡಿ ತಂದು ನೇತಾಕಿದ್ದೀಯ?” ಎಂದೆ.

“ಈಗಿನ ಕಾಲದ್ದು ಕಣಣ್ಣಾ. ಕತ್ಲಾಗೆ ಟಾರ್ಚ್ ಬಿಡ್ಬೋದು. ದೂರದೋನು ಹತ್ರ ಕಾಣ್ತಾನೆ. ಹಿಂದ್ಲಿಂದ ಬಂದೋನು ಕನ್ನಡೀಲಿ ಸಿಕ್ಕಾಕ್ಕೊಂತಾನೆ.”

“ಏರಿಯಲ್ಲು?”

“ವೈರ್‌ಲೆಸ್ಸು ಅಂತ ಜನ ಅಂದ್ಕೊಳ್ಳಲಿ.”

“ಅಲ್ಲಯ್ಯ, ಇದ್ರಾಗೆ ಗುಂಡೇ ಹಾರಲ್ವಲ್ಲೋ!”

“ಗುಂಡು ಪಟದಾಗೆ ಕಾಣ್ತದಾ?”

ಬಾಗಿಲ ಬಳಿಯ ಗಾಜಿನ ಪೆಟ್ಟಿಗೆಗೆ ಮೊದಲ ಪಟ ನನ್ನದೇ ಎಂದ. ಮೀಸೆ ತಿರುವಿ ನಿಂತೆ. ಅಬ್ಬಾ, ಆ ಭಾರ! ಅವನು ಕ್ಯಾಮೆರಾದ ಕರಿ ಬಟ್ಟೆಯೊಳಗೆ ತಲೆ ತೂರಿಸಿ “ಅಲ್ಲಾಡ್ಬೇಡ, ಉಸಿರು ಬಿಡ್ಬೇಡ” ಎನ್ನುತ್ತಲೇ ಇದ್ದ. ಪಿಸ್ತೂಲಿನ ಮೂತಿ ಮೆಲ್ಲಗೆ ನೆಲ ನೋಡಿತು.

“ಕಡಲುಗಳ್ಳ ಇರುವೆ ಹೊಡೀತಾವ್ನಾ? ಎತ್ತಣ್ಣಾ!”

“ನೀನೇ ಬಂದು ಎತ್ಲಾ, ಮೂದೇವಿ!” ಎಂದು ಕೂಗಿದೆ. ಅದೇ ಹೊತ್ತಿಗೆ ಕ್ಯಾಮೆರಾ ಟಪ್ಪೆಂದಿತು. ಬಾಗಿಲಲ್ಲಿ ಕೇಶವಯ್ಯ ನಿಂತಿದ್ದ, ಕಂಕುಳಲ್ಲಿ ರೇಷ್ಮೆ ನೂಲಿನ ಗಂಟು.

“ಏಮಿರಾ ಇದಿ? ಏನ್ಲಾ ಇದು?” ಎಂದವನು ಖಾಲಿ ಬೆಂಚು ನೋಡಿದ. “ನಡಿ, ಮಗ್ಗ ಕಾಯ್ತೈತೆ.”

ಸಂಜೀವಪ್ಪನ ತಲೆ ಕರಿ ಬಟ್ಟೆಯೊಳಗೇ ಉಳಿಯಿತು. ಹೊರಗೆ ಬಂದರೆ ಕಣ್ಣೀರು ಕಾಣುತ್ತದಲ್ಲ. ನನಗೆ ರೇಗಿಹೋಯಿತು. ಪಿಸ್ತೂಲನ್ನು ಕೇಶವಯ್ಯನ ಕೈಗೇ ತುರುಕಿದೆ. “ಹಿಡ್ದು ನೋಡು ಕೇಶವಯ್ಯ! ನಿನ್ ತಮ್ಮ ಇಲ್ಲಿ ನಿದ್ದೆ ಮಾಡ್ತಿದ್ನಾ ಅಂತ ಆಮೇಲೆ ಹೇಳು!”

ಹಿಡಿದ. ಕೈ ಇಳಿಯಿತು. ಟಾರ್ಚು ಹಚ್ಚಿದ, ಆರಿಸಿದ. ಸೈಕಲ್ಲಿನ ಕನ್ನಡಿಯಲ್ಲಿ ತನ್ನ ಮೀಸೆ ಕಂಡು ಅದನ್ನು ಸರಿಮಾಡಿಕೊಂಡ. ಆಮೇಲೆ ತಲೆಯೆತ್ತಿ ತೊಲೆ ನೋಡಿದ.

“ದಡ್ಡ ನನ್ಮಗನೆ, ಮಗ್ಗದ ಭಾರ ನಾವು ಕೈಯಾಗೆ ಹಿಡ್ಕೊಂತೀವಾ? ಮೇಲ್ಗಡೆ ತೊಲೆಗೆ ನೇತಾಕಲ್ವಾ?”

ಗಂಟು ಬಿಚ್ಚಿದ. ಪರದೆಯ ಆಕಾಶದ ಪಕ್ಕ ಒಂದೊಂದೇ ಎಳೆ ಹಿಡಿದು ನೋಡಿ, ಬಣ್ಣ ಹೊಂದಿದ್ದನ್ನು ಹುರಿ ಮಾಡಿ, ಪಿಸ್ತೂಲನ್ನು ತೊಲೆಗೆ ತೂಗುಬಿಟ್ಟ. ಸಮುದ್ರದ ಮೇಲೆ ತಾನಾಗಿಯೇ ನಿಂತಿತು! ಹಿಡಿಗೆ ಬೆರಳು ತಾಗಿಸಿದರೆ ಸಾಕು.

“ಪಟದಾಗೆ ದಾರ ಕಾಣ್ತದಾ?”

“ಕಾಣಲ್ಲಣ್ಣಾ.” ಕರಿ ಬಟ್ಟೆಯೊಳಗಿನ ದನಿ.

“ಹಂಗಾದ್ರೆ ನಂದೊಂದು ತಗಿ. ಟಾರ್ಚ್ ಹತ್ತಿರ್ಬೇಕು.”

ಅಣ್ಣ ಹಿಂದೂಪುರಕ್ಕೆ ಒಬ್ಬನೇ ಹೋದ. ಮುಂದಿನ ಸಂತೆಗೆ ಬೆಂಚು ಸಾಲದೆ ಕುರಿಗಾರರು ಮೆಟ್ಟಿಲ ಮೇಲೆ ಕೂತರು. ಅದಾದ ಮೇಲೂ ದಾರ ಸವೆದಾಗಲೆಲ್ಲ ಕೇಶವಯ್ಯನೇ ಬಂದು ಹೊಸದು ಕಟ್ಟಿ, ಹೋಗುವಾಗ ಒಂದು ಪಟ ತೆಗೆಸಿಕೊಂಡು ಹೋಗುತ್ತಿದ್ದ.

ಗಾಜಿನ ಪೆಟ್ಟಿಗೆಯಲ್ಲಿ ಅವನ ಪಟದ ಪಕ್ಕ ನನ್ನದೂ ಇತ್ತು: ಬಾಯಿ ಇಷ್ಟಗಲ, ಪಿಸ್ತೂಲು ನೆಲಕ್ಕೆ. ತೆಗೆದುಹಾಕೆಂದು ಎಷ್ಟು ಬೈದರೂ ಸಂಜೀವಪ್ಪ ಕೇಳಲಿಲ್ಲ.

“ಇರ್ಲಿ ಬಿಡಣ್ಣಾ. ದಾರ ಯಾಕೆ ಕಟ್ಟಿದ್ದೀಯ ಅಂತ ಕೇಳೋರಿಗೆ ತೋರ್ಸಕ್ಕೆ ಬೇಕು.”