ಮೌನ ಮುರಿದ ನಿಂಗಮ್ಮನವರು

ಶಿಕಾರಿಪುರ ಸೀಮೆಯಲ್ಲಿ ಸಸಿ ನೆಟ್ಟವರು ಅನೇಕರಿದ್ದಾರೆ. ನೆಟ್ಟದ್ದನ್ನು ಬದುಕಿಸಿದವರು ಯಾರೆಂದು ಕೇಳಿದರೆ ನಾನು ಮೊದಲು ಹೇಳುವುದು ಶ್ರೀಮತಿ ನಿಂಗಮ್ಮನವರ ಹೆಸರನ್ನೇ. ಅಂಜನಾಪುರದಾಚೆ ಹನ್ನೊಂದು ಮನೆಗಳಾಗಿ ಹುಟ್ಟಿದ ನಮ್ಮ 'ಸಮಬಾಳು' ನೆಲೆಯ ಸಸಿಮಡಿಗಳನ್ನು ಹದಿನೆಂಟು ವರ್ಷ ಸಲಹಿ, ಈ ತಿಂಗಳು ಅವರು ನಿವೃತ್ತರಾಗುತ್ತಿದ್ದಾರೆ.

ಧ್ಯಾನವನ್ನೂ ಮಣ್ಣನ್ನೂ ನಂಬಿ ಊರು ಕಟ್ಟಲು ಹೊರಟ ನಮಗೆ ನಿಯಮಗಳೆಂದರೆ ಬಲು ಮೋಹ. ಬೆಳಗಿನ ಎಂಟರವರೆಗೆ ಯಾರೂ ಮಾತನಾಡುವಂತಿಲ್ಲ. ಮೂರು ಸಲ ಮೌನ ಮುರಿದವರು ನೆಲೆ ಬಿಡತಕ್ಕದ್ದು. ಕುರಿ ಕಾಯುತ್ತ ಬೆಳೆದ ನಿಂಗಮ್ಮನವರಿಗೋ ಕೂಗುವುದೆಂದರೆ ಉಸಿರಾಡಿದಷ್ಟೇ ಸಲೀಸು. ಸೇರಿದ ತಿಂಗಳೊಳಗೆ ಎರಡು ಸಲ ತಪ್ಪಿದ್ದರು: ಒಮ್ಮೆ ಸಸಿಮಡಿಗೆ ನುಗ್ಗಿದ ದನ ಓಡಿಸಲು, ಇನ್ನೊಮ್ಮೆ ಜ್ವರದಲ್ಲಿ ಮಲಗಿದ್ದ ನನ್ನನ್ನು "ಗಂಜಿ ಕುಡದ್ರೇನ್ರಿ ಮೇಷ್ಟ್ರೇ?" ಎಂದು ವಿಚಾರಿಸಲು.

ಆ ವರ್ಷದ ಆಷಾಢದಲ್ಲಿ ಒಂದು ಮುಂಜಾನೆ ನಮ್ಮ ಹೊಂಡದ ಏರಿ ಬಿರಿಯಿತು. ಅದರ ಕೆಳಗೇ ನಾಲ್ಕು ಸಾವಿರ ಎಳೆಯ ಸಸಿಗಳು. ಮೊದಲು ಕಂಡವನು ನಾನು. ಅಯ್ಯೋ ನನ್ನ ಬುದ್ಧಿಯೇ! ಓಡಿಹೋಗಿ ಸ್ಲೇಟು ತಂದು, 'ಏರಿ ಬಿರಿಯುತ್ತಿದೆ' ಎಂದು ದುಂಡಗೆ ಬರೆದು, ಕಣ್ಣು ಮುಚ್ಚಿ ಧ್ಯಾನಕ್ಕೆ ಕುಳಿತವರ ಮುಂದೆ ಹಿಡಿದುಕೊಂಡು ನಿಂತೆ.

ಅಷ್ಟರಲ್ಲಿ ಹೊಂಡದ ಕಡೆಯಿಂದ ನಿಂಗಮ್ಮನವರ ದನಿ ಬಂತು: "ಏಳ್ರೀ! ಏರಿ ಒಡೀತೈತಿ! ಧ್ಯಾನ ಆಮ್ಯಾಲೆ ಮಾಡೀರಂತೆ!" ಗುದ್ದಲಿ, ಬುಟ್ಟಿ, ಮಣ್ಣಿನ ಚೀಲ, ಕೈಗೆ ಸಿಕ್ಕಿದ್ದನ್ನು ಹಿಡಿದು ಎಲ್ಲರೂ ಓಡಿದೆವು. ಏರಿ ನಿಂತಿತು, ಸಸಿಗಳು ಉಳಿದವು.

ಸಂಜೆಯ ಸಭೆಗೆ ಅವರು ಬಟ್ಟೆಯ ಗಂಟು ಕಟ್ಟಿಕೊಂಡೇ ಬಂದರು. "ಮೂರು ಸಲ ಆತ್ರಿ. ನಾ ಹೋಗ್ತೀನಿ," ಎಂದರು. ನೆಲೆಯ ಹಿರಿಯರಾದ ಸೊರಬದ ಸದಾಶಿವಪ್ಪನವರು ನನ್ನ ಸ್ಲೇಟು ತರಿಸಿ ನೋಡಿದರು. "ಅಕ್ಷರ ಚೆನ್ನಾಗಿದೆ ಮೇಷ್ಟ್ರೇ. ಕಣ್ಣು ಮುಚ್ಚಿದೋರು ಇದನ್ನ ಹ್ಯಾಗೆ ಓದಬೇಕಿತ್ತು?" ಎಂದು ಕೇಳಿದರು. ನನಗೆ ನಾಚಿಕೆಯಿಂದ ಸಾಯುವಂತಾಯಿತು. ಎದ್ದು ನಿಂತು, ಹೋಗಬೇಕಾದವನು ನಾನೇ ಎಂದೆ.

"ಇಬ್ರೂ ಹೋದ್ರೆ ಸಸಿಗೆ ನೀರು ಹಾಕೋರು ಯಾರ್ರೀ?" ಎನ್ನುತ್ತ ನಿಂಗಮ್ಮನವರು ಗಂಟು ಬಿಚ್ಚಿದರು. ನೆಲೆ ಬಿಡಿಸುವ ನಿಯಮವನ್ನು ಸದಾಶಿವಪ್ಪನವರು ಅಂದೇ ಹೊಡೆದುಹಾಕಿದರು.

ಆ ಸಸಿಗಳು ಇಂದು ನಮ್ಮ ದಾರಿಗೆಲ್ಲ ನೆರಳು. ಆನವಟ್ಟಿಯಿಂದ ಬಸ್ಸು ಹಿಡಿದು ಬಂದು ಇಲ್ಲಿಯ ಗಿಡ ಒಯ್ಯುವ ರೈತರು ಕೇಳುವುದೂ ನಿಂಗಮ್ಮನವರನ್ನೇ. ಅವರಿಗೆ ನೂರು ತುಂಬಲಿ, ಕೈಗೆ ಮಣ್ಣು ತಪ್ಪದಿರಲಿ, ಆ ದನಿ ಮಾತ್ರ ಎಂದೂ ತಗ್ಗದಿರಲಿ.

ಬೆಳಗಿನ ಮೌನದಲ್ಲಿ ಕುಳಿತು ಇಷ್ಟು ಬರೆಯುವಾಗಲೇ ಕಿಟಕಿಯಾಚೆಯಿಂದ ಕೇಳಿತು: "ಗಂಜಿ ಕುಡದ್ರೇನ್ರಿ ಮೇಷ್ಟ್ರೇ?" ಗಂಟೆ ಇನ್ನೂ ಏಳೂವರೆ. ಹದಿನೆಂಟು ವರ್ಷಗಳಲ್ಲಿ ಮೊದಲ ಸಲ ನಾನೂ ಗಟ್ಟಿಯಾಗಿ ಕೂಗಿದೆ: "ಇಲ್ಲ ನಿಂಗಮ್ಮನೋರೇ, ಬಂದೆ!"