ಸಿಸ್ಟರಮ್ಮ ಹಾಕಿಕೊಂಡ ಬಾಗಿಲು

ಗುಂಡ್ಲುಪೇಟೆ ಮಂಡಿಯಲ್ಲಿ ನಾನು ಈರುಳ್ಳಿ ಆರಿಸುತ್ತಿದ್ದ ಕಾಲ. ಚರ್ಚಿನ ಕಡೆಯ ಕೇರಳದ ಸಿಸ್ಟರಮ್ಮ ಒಬ್ಬಳು ದಿನಾ ಬೆಳಿಗ್ಗೆ ಎಸ್‌ಟಿಡಿ ಬೂತಿನ ಹಿಂದಿದ್ದ ಒಂಟಿ ಮುದುಕನ ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳೋಳು. ಅವರಿಬ್ಬರಿಗೂ ಸಂಬಂಧ ಕಟ್ಟಿ ಸುದ್ದಿಯನ್ನ ಮಂಡಿ ತುಂಬಾ ಹಬ್ಬಿಸಿದವಳು ನಾನೇ! ಕಣ್ಣಾರೆ ನೋಡುವ ಚಪಲಕ್ಕೆ ಒಂದಿನ ಬಾಗಿಲು ತಳ್ಳೇಬುಟ್ಟೆ. ಆಯಮ್ಮ ನೆಲದಲ್ಲಿ ಕೂತು ಮುದುಕನ ಕಾಲಿನ ಕೀವುಗಾಯ ತೊಳೀತಿದ್ದಳು.

“ಬಾಗಿಲು ಹಾಕಮ್ಮಿ, ನಂಗೆ ನಾಚ್ಕೆ ಆಯ್ತದೆ!” ಅಂತ ಮುದುಕ ಕೂಗಿದ.

“ಈ ಗಲೀಜು ನಿಮಗ್ಯಾಕೆ ಸಿಸ್ಟರಮ್ಮ?” ಅಂದೆ.

“ದೇವರು ಕರೆದರು, ಬಂದೆ. ನಿಮ್ಮನ್ನ ಯಾರು ಕರೆದರು?”

“ಯಾರೂ ಕರೀಲಿಲ್ಲ,” ಅಂತ ಬಾಗಿಲ ಕಡೆ ತಿರುಗಿದೆ.

“ಹಾಗಾದರೆ ನಿಮ್ಮನ್ನೂ ಅವರೇ ಕರೆದಿರಬೇಕು,” ಅಂತ ಸಿಸ್ಟರಮ್ಮ ಕಿಸಕ್ಕನೆ ನಕ್ಕು ಬೇಸಿನ್ ನನ್ನ ಕೈಗಿಟ್ಟಳು.

ಮಾರನೇ ದಿನದಿಂದ ನಾನೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಮಂಡಿಯವರು ನನ್ನ ಮೇಲೂ ಕತೆ ಕಟ್ಟಿದರು. ಅವು ನಾನು ಕಟ್ಟಿದ್ದಷ್ಟು ಸೊಗಸಾಗಿರಲಿಲ್ಲ ಬುಡಿ.